ದುಡಿಮೆಗೆ ಮೊದಲೇ ಶುಲ್ಕ: ಮಾಡೆಲಿಂಗ್ ಹೆಸರಿನ ವಂಚನೆ ಮತ್ತು ಅದರ ಲೆಕ್ಕಾಚಾರ

ಬೆಂಗಳೂರಿನ ಚಿಕ್ಕಪೇಟೆಯ ಸಗಟು ಸೀರೆ ಅಂಗಡಿಯಾಗಲಿ, ಬಳ್ಳಾರಿಯ ಜೀನ್ಸ್ ಉಡುಪು ಘಟಕವಾಗಲಿ, ಜಿಲ್ಲಾ ಕೇಂದ್ರವೊಂದರ ಆಭರಣ ಮಳಿಗೆಯಾಗಲಿ, ಇಂದು ಛಾಯಾಚಿತ್ರವಿಲ್ಲದೆ ವ್ಯಾಪಾರ ನಡೆಸುವುದು ಕಷ್ಟ. ಹಿಂದೆ ಗ್ರಾಹಕರು ಅಂಗಡಿಗೆ ಬಂದು ಬಟ್ಟೆಯನ್ನು ಮುಟ್ಟಿ ನೋಡುತ್ತಿದ್ದರು. ಈಗ ಅವರು ಮೊದಲು ಮೊಬೈಲ್ ಪರದೆಯ ಮೇಲೆ ನೋಡುತ್ತಾರೆ. ಸೀರೆಯನ್ನು ಉಟ್ಟು ತೋರಿಸಲು, ಉಡುಪನ್ನು ತೊಟ್ಟು ನಿಲ್ಲಲು, ಹಾರವನ್ನು ಧರಿಸಿ ಮುಗುಳ್ನಗಲು ರೂಪದರ್ಶಿಯೊಬ್ಬರು ಬೇಕು. ದೊಡ್ಡ ಕಂಪನಿಗಳಿಗೆ ಮಾತ್ರ ಎಟುಕುತ್ತಿದ್ದ ಈ ವೆಚ್ಚ ಈಗ ಸಣ್ಣ ತಯಾರಕರ ಖರ್ಚಿನ ಪಟ್ಟಿಯಲ್ಲಿಯೂ ಸೇರಿದೆ.

ಈ ಬೇಡಿಕೆ ನಿಜವಾದುದು. ಅಸಲಿ ನಾಣ್ಯಕ್ಕೆ ಬೆಲೆ ಇರುವಲ್ಲಿಯೇ ಖೋಟಾ ನಾಣ್ಯವೂ ಹುಟ್ಟುತ್ತದೆ. ಮಾಡೆಲಿಂಗ್ ಅವಕಾಶ ಕೊಡಿಸುವುದಾಗಿ ನಂಬಿಸಿ, ಕೆಲಸ ದೊರೆಯುವ ಮೊದಲೇ ಶುಲ್ಕ ವಸೂಲು ಮಾಡಿ ಕೈ ತೊಳೆದುಕೊಳ್ಳುವ ದಂಧೆ ಇದರ ಬೆನ್ನ ಹಿಂದೆಯೇ ಬೆಳೆದಿದೆ. ವರ್ತಕ ಸಮುದಾಯಕ್ಕೆ ಈ ವಿಷಯ ಎರಡು ಕಡೆಯಿಂದ ಸಂಬಂಧಿಸಿದೆ. ಮೊದಲನೆಯದಾಗಿ, ಮೋಸಕ್ಕೆ ಗುರಿಯಾಗುವ ಯುವಕ ಯುವತಿಯರು ಹಲವು ವೇಳೆ ವರ್ತಕರ ಮನೆಯ ಮಕ್ಕಳೇ ಆಗಿರುತ್ತಾರೆ, ಹಣ ಹೋಗುವುದು ತಂದೆಯ ಗಲ್ಲಾ ಪೆಟ್ಟಿಗೆಯಿಂದ. ಎರಡನೆಯದಾಗಿ, ವಂಚಕರು ಆಸೆ ಹುಟ್ಟಿಸಲು ಬಳಸಿಕೊಳ್ಳುವುದು ಜವಳಿ, ಆಭರಣ ಮತ್ತು ಸೌಂದರ್ಯವರ್ಧಕ ವ್ಯಾಪಾರಿಗಳ ಹೆಸರನ್ನೇ.

ವಂಚನೆ ಸಾಗುವ ಬಗೆ

ವಿವರಗಳು ಊರಿಂದೂರಿಗೆ ಬದಲಾದರೂ ಕ್ರಮ ಬಹುತೇಕ ಒಂದೇ. ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಒಂದು ಚಿತ್ರಕ್ಕೆ ಅಪರಿಚಿತರಿಂದ ಮೆಚ್ಚುಗೆಯ ಸಂದೇಶ ಬರುತ್ತದೆ. ಮಾಲ್‌ನಲ್ಲಿ ಅಥವಾ ಕಾಲೇಜಿನ ಬಳಿ ಒಬ್ಬರು ವಿಳಾಸದ ಚೀಟಿ ಕೊಡುವುದೂ ಉಂಟು. ಸಂದರ್ಶನ ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಮರುದಿನವೇ ‘ಆಯ್ಕೆಯಾಗಿದ್ದೀರಿ’ ಎಂಬ ಕರೆ ಬರುತ್ತದೆ. ಹೆಸರಾಂತ ಬಟ್ಟೆ ಮಳಿಗೆಯ ಜಾಹೀರಾತಿಗೆ ಚಿತ್ರೀಕರಣವಿದೆ, ದಿನಕ್ಕೆ ಇಷ್ಟು ಸಂಭಾವನೆ, ಆದರೆ ಇಂದು ಸಂಜೆಯೊಳಗೆ ನೋಂದಣಿ ಆಗದಿದ್ದರೆ ಅವಕಾಶ ಬೇರೆಯವರ ಪಾಲು ಎಂದು ತಿಳಿಸಲಾಗುತ್ತದೆ.

ನೋಂದಣಿ ಶುಲ್ಕ ಸಣ್ಣದು. ಆ ಕಾರಣಕ್ಕೇ ಯಾರೂ ಹೆಚ್ಚು ಯೋಚಿಸುವುದಿಲ್ಲ. ಅದರ ನಂತರ ಪೋರ್ಟ್‌ಫೋಲಿಯೊ, ಅಂದರೆ ರೂಪದರ್ಶಿಯ ಚಿತ್ರಗಳ ಸಂಪುಟ ಸಿದ್ಧಪಡಿಸಬೇಕೆಂದು ದೊಡ್ಡ ಮೊತ್ತ ಕೇಳುತ್ತಾರೆ. ಅದು ಇಂಥವರ ಸ್ಟುಡಿಯೋದಲ್ಲಿಯೇ ಆಗಬೇಕು. ಬಳಿಕ ಗುರುತಿನ ಚೀಟಿ, ಉಡುಪಿನ ಠೇವಣಿ, ವಿಮೆ, ಪ್ರಯಾಣದ ಟಿಕೆಟ್, ಜಿಎಸ್‌ಟಿ ಎಂದು ಒಂದೊಂದೇ ಶೀರ್ಷಿಕೆಯಡಿ ಹಣದ ಬೇಡಿಕೆ ಬರುತ್ತದೆ. ಪ್ರತಿಯೊಂದರ ಜೊತೆಗೂ ‘ಮೊದಲ ಸಂಭಾವನೆಯೊಂದಿಗೆ ಹಿಂದಿರುಗಿಸಲಾಗುವುದು’ ಎಂಬ ಭರವಸೆ ಇರುತ್ತದೆ. ಕೊನೆಗೆ ಚಿತ್ರೀಕರಣದ ದಿನಾಂಕ ಮುಂದಕ್ಕೆ ಹೋಗುತ್ತದೆ, ಮತ್ತೆ ಮುಂದಕ್ಕೆ ಹೋಗುತ್ತದೆ, ದೂರವಾಣಿ ಮೌನವಾಗುತ್ತದೆ.

ಇಲ್ಲಿ ಕೆಲಸ ಮಾಡುವುದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತಿರುವ ಒಂದು ದೌರ್ಬಲ್ಯ. ಬಾಕಿ ಉಳಿಸಿಕೊಂಡ ಗಿರಾಕಿಗೆ, ಹಳೆಯ ಬಾಕಿ ವಸೂಲಾಗಲೆಂಬ ಆಸೆಯಿಂದ ಮತ್ತೆ ಉದ್ದರಿ ಕೊಡುವ ಅಂಗಡಿಯವನ ಸ್ಥಿತಿಯೇ ಈ ಕುಟುಂಬದ್ದೂ ಆಗುತ್ತದೆ. ಕೊಟ್ಟ ಹಣ ವ್ಯರ್ಥವಾಗಬಾರದೆಂದು ಮತ್ತೆ ಕೊಡುತ್ತಾರೆ. ಮೊದಲ ಕಂತಿಗಿಂತ ಎರಡನೆಯ, ಮೂರನೆಯ ಕಂತುಗಳೇ ದೊಡ್ಡವಾಗಿರುವುದಕ್ಕೆ ಇದೇ ಕಾರಣ.

ಆದಾಯದ ಮೂಲವೆಲ್ಲಿ?

ಇಂಥ ಸಂಸ್ಥೆಯನ್ನು ಅಳೆಯಲು ಫ್ಯಾಷನ್ ಲೋಕದ ಜ್ಞಾನ ಬೇಕಿಲ್ಲ. ಲೆಕ್ಕಪತ್ರದ ಮೊದಲ ಪ್ರಶ್ನೆಯೊಂದೇ ಸಾಕು: ಇದರ ಆದಾಯ ಎಲ್ಲಿಂದ ಬರುತ್ತದೆ?

ಕೃಷಿ ಮಾರುಕಟ್ಟೆಯ ದಲಾಲರನ್ನು ನೆನೆಯಬಹುದು. ಮಾಲು ಮಾರಾಟವಾದರೆ ಮಾತ್ರ ಅವರಿಗೆ ದಲಾಲಿ. ಮಾಲು ಮಾರಾಟವಾಗದೆ ಉಳಿದರೆ ದಲಾಲಿಯೂ ಇಲ್ಲ. ಆದುದರಿಂದಲೇ ಒಳ್ಳೆಯ ಬೆಲೆಗೆ ಮಾಲು ಸಾಗಿಸಲು ಅವರು ಶ್ರಮಿಸುತ್ತಾರೆ. ನಿಜವಾದ ಮಾಡೆಲಿಂಗ್ ಏಜೆನ್ಸಿಯೂ ಇದೇ ತತ್ತ್ವದ ಮೇಲೆ ನಿಂತಿದೆ. ಜಾಹೀರಾತುದಾರ ಹಣ ಕೊಡುತ್ತಾನೆ, ರೂಪದರ್ಶಿ ದುಡಿಯುತ್ತಾರೆ, ಆ ಸಂಭಾವನೆಯಲ್ಲಿ ಒಂದು ಭಾಗ ಏಜೆನ್ಸಿಗೆ ಕಮಿಷನ್ ಆಗಿ ಸಲ್ಲುತ್ತದೆ. ಹಣ ಹರಿಯುವುದು ಗ್ರಾಹಕನಿಂದ ದುಡಿಯುವವರ ಕಡೆಗೆ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಏಜೆನ್ಸಿಯ ಕಮಿಷನ್ ಶೇ. 20, ರೂಪದರ್ಶಿಯ ದಿನದ ಸಂಭಾವನೆ 10,000 ರೂ. ಎಂದಿಟ್ಟುಕೊಂಡರೆ, ಒಂದು ದಿನದ ಕೆಲಸದಿಂದ ಏಜೆನ್ಸಿಗೆ ದೊರೆಯುವುದು 2,000 ರೂ. ಇನ್ನೊಂದು ಸಂಸ್ಥೆ 200 ಮಂದಿಯಿಂದ ತಲಾ 25,000 ರೂ. ಪಡೆಯುತ್ತದೆ ಎನ್ನೋಣ. ಅದರ ಸಂಗ್ರಹ 50 ಲಕ್ಷ ರೂ. ಪ್ರತಿಯೊಬ್ಬರಿಗೂ 5,000 ರೂ. ವೆಚ್ಚದ ಒಂದು ಚಿತ್ರ ಸಂಪುಟ ಕೊಟ್ಟರೂ ಅದರ ಖರ್ಚು 10 ಲಕ್ಷ, ಉಳಿಕೆ 40 ಲಕ್ಷ. ಮೊದಲನೆಯ ಸಂಸ್ಥೆ 50 ಲಕ್ಷ ರೂ. ಕಮಿಷನ್ ಗಳಿಸಬೇಕಾದರೆ 2,500 ದಿನಗಳ ಕೆಲಸವನ್ನು ತನ್ನ ರೂಪದರ್ಶಿಗಳಿಗೆ ಹುಡುಕಿಕೊಡಬೇಕು. ಎರಡನೆಯದು ಒಂದು ದಿನದ ಕೆಲಸವನ್ನೂ ಹುಡುಕಬೇಕಾಗಿಲ್ಲ.

ಈ ಲೆಕ್ಕದಲ್ಲಿಯೇ ವಿಷಯದ ತಿರುಳಿದೆ. ಎರಡನೆಯ ಸಂಸ್ಥೆಗೆ ಜಾಹೀರಾತುದಾರ ಗ್ರಾಹಕನಲ್ಲ, ಆಸೆ ಹೊತ್ತು ಬಂದ ಅಭ್ಯರ್ಥಿಯೇ ಗ್ರಾಹಕ. ಮಾಲಕರು ದುರುದ್ದೇಶವಿಲ್ಲದವರೇ ಆಗಿದ್ದರೂ, ಇಂಥ ರಚನೆಯಲ್ಲಿ ಕೆಲಸ ಕೊಡಿಸುವುದರಿಂದ ಅವರಿಗೆ ಲಾಭವಿಲ್ಲ, ಮತ್ತೊಬ್ಬ ಅಭ್ಯರ್ಥಿಯನ್ನು ಸೇರಿಸಿಕೊಳ್ಳುವುದರಿಂದ ಮಾತ್ರ ಲಾಭ. ಎತ್ತರ, ಬಣ್ಣ, ಮೈಕಟ್ಟು ಯಾವುದನ್ನೂ ನೋಡದೆ ಬಂದವರನ್ನೆಲ್ಲ ‘ಆಯ್ಕೆ’ ಮಾಡುವುದು ಏಕೆಂಬುದು ಇದರಿಂದ ತಿಳಿಯುತ್ತದೆ.

ನ್ಯಾಯವಾದ ವೆಚ್ಚವೂ ಉಂಟು

ಹಾಗೆಂದು ಹೊಸಬರ ಕೈಯಿಂದ ಖರ್ಚಾಗುವ ಪ್ರತಿಯೊಂದು ರೂಪಾಯಿಯೂ ವಂಚನೆಯಲ್ಲ. ಛಾಯಾಗ್ರಾಹಕರು ತಮ್ಮ ಶ್ರಮಕ್ಕೆ ಹಣ ಕೇಳುವುದು ಸಹಜ. ನಡಿಗೆ, ಭಂಗಿ, ಮುಖಸಜ್ಜೆಗಳನ್ನು ಕಲಿಸುವ ತರಬೇತಿ ಶಾಲೆ ಬೋಧನಾ ಶುಲ್ಕ ಪಡೆಯುವುದೂ ತಪ್ಪಲ್ಲ. ವ್ಯತ್ಯಾಸವಿರುವುದು ಮೂರು ಅಂಶಗಳಲ್ಲಿ.

ಒಂದು, ಆಯ್ಕೆಯ ಸ್ವಾತಂತ್ರ್ಯ. ಚಿತ್ರಗಳನ್ನು ಯಾವ ಛಾಯಾಗ್ರಾಹಕರಿಂದಲಾದರೂ ತೆಗೆಸಬಹುದೆ ಅಥವಾ ಇಂಥ ಸ್ಟುಡಿಯೋದಲ್ಲಿಯೇ ತೆಗೆಸಬೇಕೆ ಎಂಬುದನ್ನು ಕೇಳಬೇಕು. ಒಂದೇ ಸ್ಟುಡಿಯೋವನ್ನು ಕಡ್ಡಾಯ ಮಾಡಿದರೆ ಅಲ್ಲಿಂದ ಪಾಲು ಬರುತ್ತಿದೆ ಎಂದೇ ಸಂಶಯಿಸಬೇಕು.

ಎರಡು, ಭರವಸೆ. ಶಾಲೆ ಮಾರುವುದು ಶಿಕ್ಷಣವನ್ನು. ಶಿಕ್ಷಣದ ಶುಲ್ಕಕ್ಕೆ ಖಚಿತ ಕೆಲಸದ ಭರವಸೆಯನ್ನು ಗಂಟು ಹಾಕಿದಲ್ಲಿ ಎಚ್ಚರ ಅಗತ್ಯ.

ಮೂರು, ಕಾಲ. ಏಜೆನ್ಸಿಗಳು ಹೊಸಬರನ್ನು ಮೊದಲು ನೋಡುವುದಕ್ಕೆ ಮುಖಸಜ್ಜೆಯಿಲ್ಲದ, ಸರಳ ಉಡುಪಿನ, ಸಾಧಾರಣ ಬೆಳಕಿನಲ್ಲಿ ತೆಗೆದ ಕೆಲವು ಚಿತ್ರಗಳು ಸಾಕಾಗುತ್ತವೆ. ಮನೆಯವರು ಮೊಬೈಲಿನಲ್ಲಿಯೇ ಅವನ್ನು ತೆಗೆಯಬಹುದು. ದುಬಾರಿ ಸಂಪುಟ ನಂತರದ ಮಾತು. ಯಾರೂ ಕೆಲಸ ಕೊಡುವ ಮೊದಲೇ ಸಹಸ್ರಾರು ರೂಪಾಯಿಯ ಸಂಪುಟ ಮಾಡಿಸುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ದಾಖಲೆಗಳ ಪರಿಶೀಲನೆ

ಹೊಸ ಗಿರಾಕಿಗೆ ಸಾಲದ ಮೇಲೆ ಮಾಲು ಕಳುಹಿಸುವ ಮೊದಲು ವರ್ತಕರು ನಡೆಸುವ ವಿಚಾರಣೆಯನ್ನೇ ಇಲ್ಲಿಯೂ ನಡೆಸಬೇಕು.

ಸಂಸ್ಥೆ ಕಂಪನಿಯೆಂದು ಹೇಳಿಕೊಂಡರೆ, ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಲ್ಲಿ ಅದರ ಸ್ಥಾಪನೆಯ ದಿನಾಂಕ ಮತ್ತು ನೋಂದಾಯಿತ ವಿಳಾಸವನ್ನು ನೋಡಬಹುದು. ‘ಇಪ್ಪತ್ತು ವರ್ಷಗಳ ಅನುಭವ’ ಎಂದು ಸಾರುವ ಕಂಪನಿ ಕಳೆದ ವರ್ಷವಷ್ಟೇ ಸ್ಥಾಪನೆಯಾಗಿದ್ದರೆ, ಉಳಿದ ಮಾತುಗಳ ಬೆಲೆಯೂ ಅಷ್ಟೇ.

ಜಿಎಸ್‌ಟಿ ಹೆಸರಿನಲ್ಲಿ ಶೇ. 18 ಸೇರಿಸಿ ಕೇಳಿದರೆ ನೋಂದಣಿ ಸಂಖ್ಯೆಯನ್ನು ಕೇಳಬೇಕು. ಅದು 15 ಅಕ್ಷರ ಹಾಗೂ ಅಂಕಿಗಳ ಸಂಖ್ಯೆ. ಮೊದಲ ಎರಡು ಅಂಕಿಗಳು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್ ಸಂಖ್ಯೆ. ಜಿಎಸ್‌ಟಿ ಪೋರ್ಟಲಿನಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ವ್ಯವಹಾರದ ಹೆಸರು ಮತ್ತು ನೋಂದಣಿಯ ಸ್ಥಿತಿ ಕ್ಷಣಾರ್ಧದಲ್ಲಿ ತಿಳಿಯುತ್ತದೆ. ನೋಂದಣಿ ಇಲ್ಲದವರಿಗೆ ತೆರಿಗೆ ವಸೂಲು ಮಾಡುವ ಅಧಿಕಾರವೇ ಇಲ್ಲ. ಸಾಮಾನ್ಯವಾಗಿ ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದರೆ ನೋಂದಣಿ ಕಡ್ಡಾಯ. ಆದ್ದರಿಂದ ಕೋಟಿ ರೂಪಾಯಿ ವ್ಯವಹಾರದ ಮಾತಾಡುವ ಏಜೆನ್ಸಿ ಜಿಎಸ್‌ಟಿ ಸಂಖ್ಯೆ ಇಲ್ಲವೆಂದರೆ, ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕು.

ಗೋಡೆಯ ಮೇಲಿನ ಪ್ರಮಾಣಪತ್ರಗಳಿಗೆ ಮರುಳಾಗಬಾರದು. ಉದ್ಯಮ್ ನೋಂದಣಿ ಸ್ವಯಂ ಘೋಷಣೆಯ ಆಧಾರದ ಮೇಲೆ, ಯಾವ ಶುಲ್ಕವೂ ಇಲ್ಲದೆ ದೊರೆಯುವಂಥದು ಎಂಬುದು ಸಣ್ಣ ಉದ್ಯಮಿಗಳಿಗೆಲ್ಲ ಗೊತ್ತು. ನೋಂದಣಿಗಳು ಸಂಸ್ಥೆ ಇದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಪ್ರಾಮಾಣಿಕತೆಗೆ ಅಲ್ಲ.

ಎಲ್ಲಕ್ಕಿಂತ ಉತ್ತಮವಾದ ಪರೀಕ್ಷೆ ಒಂದು ದೂರವಾಣಿ ಕರೆ. ಯಾವ ಮಳಿಗೆಯ ಜಾಹೀರಾತೆಂದು ಹೇಳಲಾಗಿದೆಯೋ ಆ ಮಳಿಗೆಯ ಸಂಖ್ಯೆಯನ್ನು ಸ್ವತಂತ್ರವಾಗಿ ಹುಡುಕಿ, ನೇರವಾಗಿ ವಿಚಾರಿಸಬೇಕು. ಏಜೆನ್ಸಿಯವರು ಕೊಟ್ಟ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವುದರಿಂದ ಪ್ರಯೋಜನವಿಲ್ಲ.

ಹಣ ಕೇಳುವ ಖಾತೆಯನ್ನೂ ಗಮನಿಸಬೇಕು. ಸಂಸ್ಥೆಯ ಹೆಸರು ಒಂದು, ಯುಪಿಐ ಪಾವತಿಯ ವೇಳೆ ತೋರುವ ಹೆಸರು ಇನ್ನೊಂದು ಎಂದಾದರೆ ಅಲ್ಲಿಗೇ ನಿಲ್ಲಿಸಬೇಕು. ಸಂಭಾವನೆ ಕಳುಹಿಸುತ್ತೇವೆ, ಯುಪಿಐ ಪಿನ್ ಒತ್ತಿ ಎಂದರೆ ಅದು ನಿಸ್ಸಂದೇಹವಾಗಿ ಮೋಸ. ಹಣ ಕೊಡುವುದಕ್ಕೆ ಪಿನ್ ಬೇಕೇ ವಿನಾ ಪಡೆಯುವುದಕ್ಕೆ ಬೇಡ.

ಕರಾರು ಪತ್ರದ ಸೂಕ್ಷ್ಮ

ಚತುರ ವಂಚಕರು ಓಡಿಹೋಗುವುದಿಲ್ಲ, ಕರಾರು ಬರೆಸಿಕೊಳ್ಳುತ್ತಾರೆ. ಬಾಯಲ್ಲಿ ಕೆಲಸದ ಭರವಸೆ ಕೊಡುತ್ತಾರೆ. ಕಾಗದದಲ್ಲಿ ಮಾತ್ರ ‘ಈ ಹಣ ಛಾಯಾಚಿತ್ರ ಸೇವೆಗೆ ಸಂದಿದೆ, ಹಿಂದಿರುಗಿಸಲಾಗದು, ಕೆಲಸದ ಖಾತರಿ ಇಲ್ಲ’ ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಒಂದು ಸಂಪುಟ ಕೈಗಿತ್ತಿರುವುದರಿಂದ, ದೂರು ಕೊಡಲು ಹೋದಾಗ ‘ಸೇವೆ ದೊರೆತಿದೆಯಲ್ಲ, ಇದು ಸಿವಿಲ್ ವ್ಯಾಜ್ಯ’ ಎಂಬ ಮಾತು ಕೇಳಬೇಕಾಗಬಹುದು.

1872ರ ಭಾರತೀಯ ಕರಾರು ಕಾಯಿದೆಯ 17 ಮತ್ತು 19ನೆಯ ಕಲಮುಗಳ ಪ್ರಕಾರ, ವಂಚನೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ಮೋಸಹೋದವರು ರದ್ದುಪಡಿಸಬಹುದು. ಆದರೆ ವಂಚನೆಯನ್ನು ಸಾಬೀತುಪಡಿಸಬೇಕು. ಆದ್ದರಿಂದ ಬಾಯಿಮಾತಿನ ಭರವಸೆಯನ್ನು ಅದೇ ದಿನ ಸಂದೇಶ ಅಥವಾ ಇ-ಮೇಲ್ ಮೂಲಕ ‘ತಾವು ಹೀಗೆ ತಿಳಿಸಿದ್ದೀರಿ, ದಯವಿಟ್ಟು ಖಚಿತಪಡಿಸಿ’ ಎಂದು ಬರೆದು ಕೇಳುವುದು ಜಾಣತನ. ಪ್ರಾಮಾಣಿಕರು ಉತ್ತರಿಸುತ್ತಾರೆ. ಉಳಿದವರು ‘ನಂಬಿಕೆ ಇಲ್ಲವೆ?’ ಎಂದು ಕೇಳುತ್ತಾರೆ. ಆ ಪ್ರಶ್ನೆಯೇ ಉತ್ತರ.

ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ

ಶಿಶುಗಳ ಉಡುಪಿನ ಜಾಹೀರಾತಿನ ಆಮಿಷವೊಡ್ಡಿ ತಂದೆತಾಯಂದಿರನ್ನು ಸೆಳೆಯುವುದು ಸುಲಭ. 18 ವರ್ಷ ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನ ಮಾನ್ಯತೆ ಇಲ್ಲ. 1903ರಲ್ಲಿ ಪ್ರಿವಿ ಕೌನ್ಸಿಲ್ ಮೊಹೋರಿ ಬೀಬಿ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಹೀಗಾಗಿ ಸಹಿ ಹಾಕುವವರು ತಂದೆತಾಯಿ, ಹೊಣೆಯೂ ಅವರದೇ.

14 ವರ್ಷದೊಳಗಿನ ಬಾಲ ಕಲಾವಿದರ ಬಗ್ಗೆ, 2016ರ ಕಾಯಿದೆ ತಿದ್ದುಪಡಿಯ ನಂತರ 2017ರಲ್ಲಿ ಬಂದ ಬಾಲಕಾರ್ಮಿಕ ನಿಯಮಗಳು ಕಟ್ಟುನಿಟ್ಟಾಗಿವೆ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆ, ವಿರಾಮವಿಲ್ಲದೆ 3 ಗಂಟೆ ಮೀರಿ ದುಡಿಸುವಂತಿಲ್ಲ. ಗಳಿಕೆಯ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿ ಇಡಬೇಕು. ಮಗುವಿನಿಂದಲೇ ಹಣ ಕೇಳುವ ಏಜೆನ್ಸಿಗೆ ‘ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪತ್ರ ಎಲ್ಲಿ?’ ಎಂದು ಕೇಳಿದರೆ ಮಾತು ಅಲ್ಲಿಗೇ ಮುಗಿಯುವ ಸಂಭವ ಹೆಚ್ಚು. ಮಕ್ಕಳ ಉಡುಪು ತಯಾರಕರು ಸ್ವತಃ ಚಿತ್ರೀಕರಣ ನಡೆಸುವಾಗಲೂ ಈ ನಿಯಮಗಳನ್ನು ಮರೆಯಬಾರದು.

ಕಾನೂನಿನ ಆಸರೆ

ಮುಂಗಡ ಶುಲ್ಕವೇ ಈ ವಂಚನೆಯ ಬೇರು ಎಂಬುದನ್ನು ಕೆಲವು ದೇಶಗಳು ಅರಿತು ಅದನ್ನೇ ನಿಷೇಧಿಸಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2009ರಲ್ಲಿ ಅಂಥ ಕಾನೂನನ್ನು ಅಂಗೀಕರಿಸಿತು. ಬ್ರಿಟನ್ 2010ರಲ್ಲಿ ರೂಪದರ್ಶಿಗಳಿಂದ ಮುಂಗಡ ಶುಲ್ಕ ಪಡೆಯುವುದನ್ನು ನಿಲ್ಲಿಸಿತು. 2025ರ ಜೂನ್‌ನಲ್ಲಿ ಜಾರಿಗೆ ಬಂದ ನ್ಯೂಯಾರ್ಕ್ ರಾಜ್ಯದ ಕಾನೂನು ಏಜೆನ್ಸಿಯ ಕಮಿಷನ್ನಿಗೆ ಶೇ. 20ರ ಮಿತಿಯನ್ನೂ ವಿಧಿಸಿದೆ.

ಭಾರತದಲ್ಲಿ ಇಂಥ ವಂಚನೆಯನ್ನು ಸಾಮಾನ್ಯ ಕಾನೂನುಗಳಡಿಯಲ್ಲಿಯೇ ಎದುರಿಸಬೇಕು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ 420ನೆಯ ಕಲಮಿನ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 318(4)ನೆಯ ಕಲಮು ಬಂದಿದ್ದು, ವಂಚಿಸಿ ಹಣ ಪಡೆದವರಿಗೆ 7 ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಲು ಅವಕಾಶವಿದೆ. ಬೇರೊಬ್ಬರ ಸೋಗಿನಲ್ಲಿ ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮೂ ಅನ್ವಯಿಸುತ್ತದೆ.

ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲಿನಲ್ಲಿ ದೂರು ದಾಖಲಿಸಬೇಕು. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹೋಗುವ ಮುನ್ನ ತಡೆಹಿಡಿಯಲು ಸಾಧ್ಯವಾಗುವುದು ದೂರು ಬೇಗ ತಲುಪಿದಾಗ ಮಾತ್ರ. ವಂಚಕರು ಬೇರೆ ರಾಜ್ಯದಲ್ಲಿದ್ದರೂ ಯಾವುದೇ ಪೊಲೀಸ್ ಠಾಣೆಯಲ್ಲಿ ಮಾಹಿತಿ ನೀಡಲು ಹೊಸ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿದೆ. ಸೇವಾ ನ್ಯೂನತೆಯ ಪರಿಹಾರಕ್ಕಾಗಿ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗಕ್ಕೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂ. ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಕಳೆದುಕೊಂಡ ಹಣವನ್ನು ವಾಪಸು ಕೊಡಿಸುತ್ತೇವೆಂದು ಮತ್ತೆ ಶುಲ್ಕ ಕೇಳುವವರು ಅದೇ ಗುಂಪಿನವರಾಗಿರಬಹುದು ಎಂಬ ಎಚ್ಚರವೂ ಇರಲಿ.

ಕಾನೂನಿಗಿಂತ ದೊಡ್ಡ ಅಡ್ಡಿ ಸಂಕೋಚ. ‘ನಾಲ್ಕು ಜನರಿಗೆ ಗೊತ್ತಾದರೆ ಮಗಳ ಮದುವೆಗೆ ತೊಂದರೆ’ ಎಂದು ಹಲವು ಕುಟುಂಬಗಳು ಬಾಯಿ ಬಿಡುವುದಿಲ್ಲ. ಕಳುಹಿಸಿದ ಚಿತ್ರಗಳನ್ನು ಮುಂದಿಟ್ಟು ಬೆದರಿಸುವುದಕ್ಕೂ ಈ ಮೌನವೇ ಬಲ ಕೊಡುತ್ತದೆ. ಮೋಸ ಹೋದವರು ಅಪರಾಧಿಗಳಲ್ಲ. ಮಗಳು ಅಥವಾ ಮಗ ಮೊದಲ ಕಂತು ಕೊಟ್ಟಾಗಲೇ ಮನೆಯಲ್ಲಿ ಧೈರ್ಯವಾಗಿ ಹೇಳುವಂತಿದ್ದರೆ ಎರಡನೆಯ ಕಂತು ಉಳಿಯುತ್ತದೆ. ‘ಮಾಡೆಲಿಂಗೇ ಬೇಡ’ ಎಂದು ಗದರುವ ಮನೆಯ ಮಕ್ಕಳೇ ಗುಟ್ಟಾಗಿ ಸಾಲ ಮಾಡಿ ಹಣ ಕಟ್ಟುವ ಅಪಾಯ ಹೆಚ್ಚು.

ಜಾಹೀರಾತು ನೀಡುವವರ ಹೊಣೆ

ಚಿತ್ರೀಕರಣದ ವೆಚ್ಚ ಭರಿಸುವ ವರ್ತಕರ ಕೈಯಲ್ಲಿ ಈ ದಂಧೆಯನ್ನು ತಡೆಯುವ ಶಕ್ತಿಯಿದೆ. ಏಜೆನ್ಸಿಯೊಂದಿಗಿನ ಕರಾರಿನಲ್ಲಿ ‘ಈ ಕೆಲಸಕ್ಕಾಗಿ ರೂಪದರ್ಶಿಗಳಿಂದ ಯಾವುದೇ ಹಣ ಪಡೆಯತಕ್ಕದ್ದಲ್ಲ’ ಎಂಬ ಒಂದು ಷರತ್ತು ಸೇರಿಸುವುದಕ್ಕೆ ಖರ್ಚಿಲ್ಲ. ಸಂಭಾವನೆ ರೂಪದರ್ಶಿಯ ಕೈಸೇರಿದ್ದಕ್ಕೆ ರಸೀದಿ ಕೇಳಬೇಕು. ಚಿತ್ರಗಳನ್ನು ಎಲ್ಲಿ, ಎಷ್ಟು ಕಾಲ ಬಳಸಲಾಗುವುದು ಎಂಬುದನ್ನು ಬರೆದಿಡಬೇಕು. ಅನ್ವಯಿಸುವಲ್ಲಿ ಮೂಲದಲ್ಲಿ ತೆರಿಗೆ ಕಡಿತ ಮಾಡಿ ಪಾವತಿಸಿದರೆ, ದುಡಿದವರ ಹೆಸರಿನಲ್ಲಿ ಅಧಿಕೃತ ದಾಖಲೆಯೂ ಉಳಿಯುತ್ತದೆ. ತಮ್ಮ ಮಳಿಗೆಯ ಹೆಸರು ದುರುಪಯೋಗವಾಗಿದೆ ಎಂದು ತಿಳಿದರೆ ಪೊಲೀಸರಿಗೆ ದೂರು ನೀಡಿ, ಅಂಗಡಿಯಲ್ಲಿಯೂ ಜಾಲತಾಣದಲ್ಲಿಯೂ ಪ್ರಕಟಣೆ ಹಾಕಬೇಕು. ಯಾರಾದರೂ ತಂದೆ ಕರೆ ಮಾಡಿ ‘ನಿಮ್ಮಲ್ಲಿ ಚಿತ್ರೀಕರಣ ಇದೆಯೇ?’ ಎಂದು ಕೇಳಿದರೆ ಎರಡು ನಿಮಿಷ ಉತ್ತರಿಸುವುದು ದೊಡ್ಡ ಉಪಕಾರ.

ಮಾಡೆಲಿಂಗ್ ಎಂಬ ಹೆಸರನ್ನು ಅಳಿಸಿ ಬೇರೆ ಹೆಸರು ಬರೆದರೂ ಈ ವಂಚನೆಯ ಲೆಕ್ಕ ಬದಲಾಗುವುದಿಲ್ಲ. ಜಮೀನಿನಲ್ಲಿ ಮೊಬೈಲ್ ಗೋಪುರ ನಿಲ್ಲಿಸುತ್ತೇವೆಂದು ಠೇವಣಿ ಕೇಳುವವರು, ಸುಲಭ ಸಾಲಕ್ಕೆ ‘ಫೈಲ್ ಚಾರ್ಜ್’ ಕೇಳುವವರು, ಏಜೆನ್ಸಿ ಹಕ್ಕಿಗೆ ನೋಂದಣಿ ಶುಲ್ಕ ಕೇಳುವವರು ಎಲ್ಲರೂ ಒಂದೇ ಸೂತ್ರದ ಮೇಲೆ ನಡೆಯುತ್ತಾರೆ. 2015ರಲ್ಲಿ ಆರಂಭವಾದ ಮುದ್ರಾ ಸಾಲಕ್ಕೆ ತಾನು ಯಾವ ಮಧ್ಯವರ್ತಿಯನ್ನೂ ನೇಮಿಸಿಲ್ಲವೆಂದು ಮುದ್ರಾ ಸಂಸ್ಥೆಯೇ ಸಾರಿದ್ದರೂ ಅದರ ಹೆಸರಿನಲ್ಲಿ ಶುಲ್ಕ ಕೇಳುವವರಿದ್ದಾರೆ.

ವ್ಯಾಪಾರದಲ್ಲಿ ಬಂಡವಾಳ ಹೂಡದೆ ಲಾಭವಿಲ್ಲ ಎಂಬುದು ನಿಜ. ಆದರೆ ಹೂಡುವ ಮೊದಲು ಎದುರಿಗಿರುವವರ ಲಾಭ ಯಾವುದರಿಂದ ಬರುತ್ತದೆ ಎಂಬುದನ್ನು ವರ್ತಕರು ತಪ್ಪದೆ ಕೇಳುತ್ತಾರೆ. ಆ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳಿದಂತೆಯೇ ಮನೆಯಲ್ಲಿ ಮಕ್ಕಳಿಗೂ ಕಲಿಸಿದರೆ, ಅವರ ಕನಸಿಗೂ ಕುಟುಂಬದ ಹಣಕ್ಕೂ ಅದೇ ಕಾವಲು.